ಬಿರುಕಿಗೆ ಅಡ್ಡ ಅಂಟಿಸಿದ ಗಾಜು

ಇಂಜಿನಿಯರು ಬರೋದು ಹತ್ತು ಗಂಟೆಗೆ. ಎಂಟಕ್ಕೆ ಬೀಗ ತೆಗೆದು ನೋಡ್ತೀನಿ, ಗಾಜು ಒಡೆದಿದೆ.

ಮೂರು ತಿಂಗಳ ಹಿಂದೆ ಅವರೇ ಗೋಡೆಯ ಬಿರುಕಿಗೆ ಅಡ್ಡವಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ, ಮೇಲೆ ತಾರೀಕು ಬರೆದು ಹೋಗಿದ್ದರು. ಗೋಡೆ ಅಲುಗಿದರೆ ಗಾಜು ಒಡೆಯುತ್ತೆ. ಒಡೆದರೆ ಕಟ್ಟಡಕ್ಕೆ ಬೀಗ, ನನ್ನ ಶಿಶುವಿಹಾರಕ್ಕೂ ಬೀಗ.

ನೂರೈವತ್ತು ವರ್ಷದ ಚರ್ಚು ಇದು. ಪ್ರಾರ್ಥನೆಗೆ ಬರೋರು ಕಡಿಮೆಯಾದ ಮೇಲೆ ಗೋದಾಮಾಯ್ತು, ಆಮೇಲೆ ಮತಗಟ್ಟೆ, ನೆರೆ ಬಂದ ವರ್ಷ ಇಡೀ ಊರಿಗೇ ಮನೆ. ಏಳು ವರ್ಷದಿಂದ ಪಾದ್ರಿಗಳು ನಿಲ್ಲುತ್ತಿದ್ದ ಜಾಗದಲ್ಲಿ ಹದಿನೆಂಟು ಮಕ್ಕಳು ಮಲಗಿ ಗೊರಕೆ ಹೊಡೀತಾವೆ. ಅವರಮ್ಮಂದಿರು ನೆಮ್ಮದಿಯಾಗಿ ಕೆಲಸಕ್ಕೆ ಹೋಗ್ತಾರೆ. ಊರಲ್ಲಿ ಬೇರೆ ಜಾಗ ಇದ್ದಿದ್ರೆ ಈ ಮುದಿ ಗೋಡೆಗಳ ಸಹವಾಸ ಮಾಡೋಕೆ ನನಗೇನು ತಲೆ ಕೆಟ್ಟಿತ್ತಾ?

ಗಾರೆ ಕೆಲಸ ಮಾಡುವ ಅಣ್ಣನನ್ನ ಕರೆಸಿದೆ. ಒಡೆದದ್ದು ತೆಗೆದು ಹೊಸ ಗಾಜು ಅಂಟಿಸು ಅಂದರೆ, ಸುತಾರಾಂ ಆಗೋಲ್ಲ ಅಂದ. ಬೈದೆ, ಕಣ್ಣೀರು ಹಾಕಿದೆ, ಮಗಳನ್ನ ಇಲ್ಲಿ ಬಿಟ್ಟು ಹೋಗೋ ಅತ್ತಿಗೆಯ ಕೆಲಸಕ್ಕೂ ಕಲ್ಲು ಬೀಳುತ್ತೆ ಅಂತ ನೆನಪಿಸಿದೆ. ಕೊನೆಗೆ ಗೊಣಗುತ್ತಲೇ ಹೊಸ ಪಟ್ಟಿ ಕತ್ತರಿಸಿ ಅಂಟಿಸಿದ. ಹಳೇ ತಾರೀಕನ್ನ ನಾನೇ ಬರೆದು, ಮೇಲೊಂದಿಷ್ಟು ಧೂಳು ಸವರಿದೆ.

ಇಂಜಿನಿಯರು ಬಂದು, ಕನ್ನಡಕ ಒರೆಸಿಕೊಂಡು, ಬಗ್ಗಿ ನೋಡಿದರು. ಗೋಡೆ ಒಂದಿಷ್ಟೂ ಅಲುಗಿಲ್ಲ ಅಂತ ಹೇಳಿ ಕಾಗದ ಹೊರಗೆ ತೆಗೆದರು.

ಹೋದ ಜೀವ ಬಂತು. ಬಾಗಿಲಿಗೆ ಓಡಿ, ಹೊರಗೆ ಕಾಯುತ್ತಿದ್ದ ತಾಯಂದಿರಿಗೆ ಮಕ್ಕಳನ್ನ ಕಳಿಸಿ ಅಂದೆ. ಎಲ್ಲಾ ದುಡುದುಡು ಒಳಗೆ ನುಗ್ಗಿದವು. ಅಣ್ಣನ ಮಗಳು, ಮೂರು ವರ್ಷದ್ದು, ತಾನೂ ಹೋಗಬೇಕು ಅಂತ ಅಪ್ಪನ ಕೈ ಜಗ್ಗುತ್ತಿತ್ತು. ಅವನು ಬಿಡಲಿಲ್ಲ.

"ಬಿಡಣ್ಣ, ಹೋಗ್ಲಿ," ಅಂದೆ.

"ಇವಳು ಬೇಡ," ಅಂದ. ನನ್ನ ಮುಖ ನೋಡಲಿಲ್ಲ.

ಇವಳು ಬೇಡವಂತೆ. ಹಾಗಾದರೆ ಒಳಗಿರೋ ಹದಿನೇಳು? ನನ್ನ ಮೇಲೆ ನನಗೇ ಹೇಸಿಗೆಯಾಯ್ತು. ಒಳಗೆ ಓಡಿದಾಗ ಇಂಜಿನಿಯರು ಸಹಿ ಹಾಕೋಕೆ ಪೆನ್ನು ಊರಿದ್ದರು.

"ಸಾರ್, ನಿಲ್ಲಿಸಿ. ಆ ಗಾಜು ಇವತ್ತು ಬೆಳಿಗ್ಗೆ ಅಂಟಿಸಿದ್ದು. ಹಳೇದು ಒಡೆದಿತ್ತು."

ಅವರು ಏನಂದರೋ ಕಿವಿಗೆ ಬೀಳಲಿಲ್ಲ. ಹದಿನೇಳು ಮಕ್ಕಳನ್ನೂ ಎತ್ತಿ ಎತ್ತಿ ಹೊರಗೆ ತಂದೆ. ಕೊನೇ ಮಗುವಿನ ತಾಯಿ ಅದನ್ನ ಕಂಕುಳಿಗೆ ಹಾಕ್ಕೊಂಡು, "ನಾಳೆ ಎಲ್ಲಿ ಬಿಡಲಿ ಅಕ್ಕಾ?" ಅಂದಳು.

ನಮ್ಮನೆಗೇ ಕರ್ಕೊಂಡು ಬಾ ಅಂದುಬಿಟ್ಟೆ. ನಮ್ಮನೇಲಿ ಇರೋದು ಒಂದೇ ಕೋಣೆ.