ತಂತಿಗೆ ಹಿಡಿದ ಪಾಚಿ

೨೦೧೭ರ ಮಾರ್ಚ್ ೧೪, ಬೆಳಿಗ್ಗೆ ೬ ಗಂಟೆ ೪೦ ನಿಮಿಷ. ನಮ್ಮೂರ ಕೊಲ್ಲಿಯ ತಳದಲ್ಲಿ, ನಾನು ಊರಿದ್ದ ಎರಡನೆಯ ತಂತಿ ಪಂಜರದ ಬುಡದಲ್ಲಿ, ಅಲ್ಲಿ ಇರಬಾರದ ಹುಲ್ಲು ಕಂಡಿತು.

ಕಡಲಾಮೆಗಳು ಮೇಯುವ ನಮ್ಮ ಆಮೆಹುಲ್ಲಿನ ಎಲೆ ಬೆರಳಗಲ, ಗೇಣುದ್ದ. ಇದು ಜೋಡಿ ಜೋಡಿಯಾಗಿ ಎದ್ದ ಗಿಡ್ಡ ಎಲೆ, ಅಂಚು ಸಣ್ಣ ಗರಗಸದ ಹಾಗೆ. ಕೆಂಪು ಸಮುದ್ರದ ಕಡೆಯ ಈ ಹುಲ್ಲು ವಿಹಾರದೋಣಿಗಳ ಲಂಗರಿಗೆ ಸಿಕ್ಕಿಕೊಂಡು ನಮ್ಮ ಈ ಕ್ಯಾರಿಯಕೂ ದ್ವೀಪಕ್ಕೆ ಬಂದಿರಬೇಕು. ದೋಣಿಗಳು ನಿಲ್ಲುವ ಟಿರೆಲ್ ಕೊಲ್ಲಿಯಲ್ಲಿ ಈಗ ಅದರದೇ ರಾಜ್ಯ. ನಮ್ಮ ಕೊಲ್ಲಿಗೆ ಮಾತ್ರ ಬಂದಿರಲಿಲ್ಲ.

ಹಸಿರು ಕಡಲಾಮೆ ಕಂಡಕಂಡಲ್ಲಿ ಮೇಯುವ ಪ್ರಾಣಿಯಲ್ಲ. ಎಲೆಯನ್ನು ಬುಡದಲ್ಲಿ ಕಚ್ಚಿ, ಬಲಿತ ತುದಿಯನ್ನು ತೇಲಿಬಿಟ್ಟು, ಕೆಲವು ದಿನ ಬಿಟ್ಟು ಅದೇ ಜಾಗಕ್ಕೆ ಬಂದು ಎಳೆಯ ಚಿಗುರು ತಿನ್ನುತ್ತದೆ. ಹೀಗೆ ಅದು ಬೋಳು ಮಾಡಿಟ್ಟ ಜಾಗದಲ್ಲೇ ಹೊರಗಿನ ಈ ಹೊಸ ಹುಲ್ಲು ಬೇಗ ಹಬ್ಬುತ್ತದೆ. ಆಗ ಆಮೆ ಅದನ್ನೇ ತಿಂದು ಹೊಂದಿಕೊಳ್ಳುತ್ತದೆಯೋ, ಜಾಗ ಬಿಟ್ಟು ಹೋಗುತ್ತದೆಯೋ ಎಂಬುದು ನನ್ನ ಸಂಶೋಧನೆಯ ಪ್ರಶ್ನೆ. ಮೇಯದೆ ಬಿಟ್ಟ ಹುಲ್ಲು ಹೇಗೆ ಬೆಳೆಯುತ್ತದೆಂದು ಹೋಲಿಸಲು ಆಮೆ ಒಳಹೋಗದಂಥ ನಾಲ್ಕು ತಂತಿ ಪಂಜರಗಳನ್ನು ತಳದಲ್ಲಿ ಊರಿದ್ದೆ.

ಪಂಜರಗಳನ್ನು ಮಾಡಿಕೊಟ್ಟವನು ನನ್ನ ಸೋದರಮಾವ ಕಾನ್ರಾಡ್ ಬೆಥೆಲ್. ಅರವತ್ತೆಂಟು ವರ್ಷ. ಇದೇ ಕೊಲ್ಲಿಯಲ್ಲಿ ನಲವತ್ತೈದು ವರ್ಷದಿಂದ ಮೀನಿನ ಬೋನು ಇಳಿಸುತ್ತಿದ್ದಾನೆ. ಅವನ ಹುಟ್ಟುದೋಣಿಗೆ, ಅವನ ಮಂಡಿಗೆ, ಇದರಾಚೆಗಿನ ನೀರು ದೂರ.

ಜನವರಿಯಲ್ಲಿ ನಾನು ಮೀನುಗಾರಿಕೆ ಕಚೇರಿಗೆ ಬರೆದ ಟಿಪ್ಪಣಿಯಲ್ಲಿ ಒಂದು ಸಾಲಿತ್ತು: ಬೋನುಗಳನ್ನು ಕೊಲ್ಲಿಯಿಂದ ಕೊಲ್ಲಿಗೆ ಸಾಗಿಸುವಾಗ ಈ ಹುಲ್ಲಿನ ತುಂಡುಗಳು ಹರಡುವ ಸಾಧ್ಯತೆ ಹೆಚ್ಚು. ಆ ಸಾಲು ಹಿಡಿದುಕೊಂಡು ಅವರು ಸಭೆ ಕರೆದಿದ್ದರು. ಮಾರ್ಚ್ ೨೩, ಗುರುವಾರ. ನಮ್ಮ ಕೊಲ್ಲಿಯಲ್ಲಿ ಬೋನು ನಿಷೇಧಿಸಬೇಕೇ ಎಂಬುದೇ ವಿಷಯ.

ಈಗ ಹುಲ್ಲು ಬಂದೇಬಿಟ್ಟಿತ್ತು. ಮಾವನದೇ ಕೆಲಸ ಎಂದು ಮೊದಲು ಕೋಪ ಬಂತು. ಆಮೇಲೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎರಡು ದಿನದಲ್ಲಿ ಐದು ಸಲ ಮುಳುಗಿದೆ. ಅಳತೆಪಟ್ಟಿ ಹಿಡಿದು ತಳವನ್ನೆಲ್ಲ ಹುಡುಕಿದೆ. ನಾಲ್ಕೂ ಪಂಜರಗಳ ಅಂಚಿನಲ್ಲಿ ಹೊಸ ಹುಲ್ಲಿತ್ತು, ಅರ್ಧ ಮೀಟರಿನೊಳಗೆ. ಬೇರೆಲ್ಲೂ ಇರಲಿಲ್ಲ. ತೀರ ಹತ್ತಿರದ ಬೋನು ಎಪ್ಪತ್ತು ಮೀಟರ್ ದೂರದಲ್ಲಿತ್ತು, ಅದರ ಸುತ್ತ ಒಂದು ಎಲೆಯೂ ಇಲ್ಲ. ಅಳತೆಯಲ್ಲಿ ತಪ್ಪಿರಬಹುದೆಂದು ಮತ್ತೆ ಅಳೆದೆ. ತಪ್ಪಿರಲಿಲ್ಲ.

ಮಾವನ ಅಂಗಳಕ್ಕೆ ಹೋದಾಗ ಅವನು ಹೊಸ ಬೋನೊಂದಕ್ಕೆ ತಂತಿ ಬಿಗಿಯುತ್ತಿದ್ದ.

“ಬಾರಮ್ಮ, ಹುಲ್ಲು ಡಾಕ್ಟ್ರೇ. ನಿನ್ ಕಾಗದ ಹೋದಾಗಿಂದ ಕಚೇರಿಯೋರು ನನ್ನನ್ನ ಕಳ್ಳನ ಥರ ನೋಡ್ತಾರೆ.”

ಅತ್ತೆ ಕರಿದ ರೊಟ್ಟಿಯನ್ನೂ ಉಪ್ಪುಮೀನನ್ನೂ ತಂದಿಟ್ಟಳು. ತಿನ್ನುತ್ತಾ, ಸುಮ್ಮನೆ ಮಾತಿಗೆಂಬಂತೆ, ಈ ಬೋನು ಯಾವಾಗ ಇಳಿಸುತ್ತೀ ಎಂದು ಕೇಳಿದೆ.

“ಈಗೆಲ್ಲಿ? ಹೊಸ ತಂತಿ ನಾರುತ್ತೆ ಕಣೇ. ಮೀನಿಗೂ ಮೂಗಿದೆ. ಒಂದು ವಾರ ಹಳೇ ನೀರಲ್ಲಿ ಬಿದ್ದಿರಬೇಕು.”

“ಹಳೇ ನೀರು ಅಂದ್ರೆ?”

“ಟಿರೆಲ್. ಅಲ್ಲಿ ಬೇಗ ಪಾಚಿ ಹಿಡಿಯುತ್ತೆ. ನಿನ್ ಪಂಜರಾನೂ ಹಾಗೇ ಹದ ಮಾಡಿ ಕೊಟ್ಟಿದ್ದು. ಆಮೆ ಬೆದರಬಾರ್ದಲ್ಲ.”

ಆಮೆಯನ್ನು ಹೊರಗಿಡುವ ಪಂಜರಕ್ಕೆ ಆಮೆಯ ಒಪ್ಪಿಗೆ ಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ತಂತಿಯನ್ನು ಹದ ಮಾಡದೆ ನೀರಿಗಿಳಿಸುವುದು ಬೋನು ಮಾಡುವವರ ಕೈಗೆ ಒಗ್ಗದು. ಚೀಲದಿಂದ ನನ್ನ ಪುಸ್ತಕ ತೆಗೆದೆ. ನವೆಂಬರ್ ೮ರ ಪುಟದಲ್ಲಿ ನನ್ನದೇ ಅಕ್ಷರ: ‘ಪಂಜರಗಳಿಗೆ ಆಗಲೇ ಪಾಚಿ ಹಿಡಿದಿದೆ. ಅನುಕೂಲ.’ ಆ ಪಾಚಿ ಎಲ್ಲಿಯದೆಂದು ಕೇಳಿರಲಿಲ್ಲ. ತೊಳೆದೂ ಇರಲಿಲ್ಲ. ಬೋನು ಆಗಾಗ ಮೇಲೇಳುತ್ತದೆ; ಪಂಜರ ನಾಲ್ಕು ತಿಂಗಳು ಅಲುಗದೆ ನಿಂತಿತ್ತು, ಪಾಚಿಯಲ್ಲಿ ಸಿಕ್ಕಿಕೊಂಡ ಹುಲ್ಲಿನ ತುಂಡು ಬೇರು ಬಿಡಲು ಅಷ್ಟು ಸಾಕು.

ಕಂಡದ್ದನ್ನು ಮಾವನಿಗೆ ಹೇಳಿದೆ. ಅವನು ಇಕ್ಕಳ ಕೆಳಗಿಟ್ಟ.

“ಹಾಗಾದ್ರೆ ತಂದೋನು ನಾನೇ.”

“ಊರಿದವಳು ನಾನು, ಮಾವ.”

“ಗುರುವಾರ ಏನು ಹೇಳ್ತೀಯ?”

ಸುಮ್ಮನಿದ್ದರೆ ನನ್ನ ಹಳೆಯ ಸಾಲೇ ಅವನನ್ನು ಕೊಲ್ಲಿಯಿಂದ ಓಡಿಸುತ್ತದೆ. ನಿಜ ಹೇಳಿದರೆ ಹುಲ್ಲು ತಂದದ್ದು ಬೋನಿನವರ ಪದ್ಧತಿಯೇ ಎಂದಾಗುತ್ತದೆ. ಆ ವಾರವೆಲ್ಲ ದಡದ ಉದ್ದಕ್ಕೂ ನಡೆದೆ. ಕೂತರೆ ಎದ್ದೆ.

ಗುರುವಾರ ಶಾಲೆಯ ಕೋಣೆಯಲ್ಲಿ ಸಭೆ. ಅಂಕಿಗಳನ್ನು ಓದಿದೆ. ಹುಲ್ಲು ಬೋನುಗಳ ಬಳಿ ಇಲ್ಲ, ನನ್ನ ಪಂಜರಗಳ ಬಳಿ ಇದೆ, ಟಿರೆಲಿನಲ್ಲಿ ಪಾಚಿ ಹಿಡಿದ ಅವನ್ನು ತೊಳೆಯದೆ ಊರಿದ್ದು ನನ್ನ ತಪ್ಪು ಎಂದೆ. ಅದಕ್ಕೂ ಮೊದಲು ಅವನ್ನು ಟಿರೆಲಿನಲ್ಲಿ ಮುಳುಗಿಸಿದ್ದು ಯಾರು ಎಂದು ಅಧಿಕಾರಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಮಾವ ಎದ್ದ.

“ನಾನು. ನಾವೆಲ್ಲ ಹಾಗೇ ಮಾಡೋದು. ಬೇಡ ಅಂತ ಯಾರೂ ಹೇಳಿರ್ಲಿಲ್ಲ. ಹೇಳಿದ್ರೆ ಒಣಗಿಸ್ತಿದ್ದೆ.”

ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. ತೀರ್ಮಾನ ಹೀಗಾಯಿತು: ಪಂಜರಗಳು ಶನಿವಾರದೊಳಗೆ ಮೇಲೆ ಬರಬೇಕು. ಕೊಲ್ಲಿ ಬದಲಿಸುವ ಬೋನುಗಳನ್ನು ಮೂರು ದಿನ ಬಿಸಿಲಿಗೆ ಒಣಗಿಸಬೇಕು. ಜೂನ್ ೨೦ರಂದು ಮತ್ತೆ ಅಳತೆ. ಅಂದು ಹೊಸ ಹುಲ್ಲು ಒಟ್ಟು ಒಂದು ಚದರ ಮೀಟರ್ ಮೀರಿದ್ದರೆ ಬೋನುಗಳಿಗೆ ಕೊಲ್ಲಿ ಮುಚ್ಚಿದಂತೆ.

ಹುಲ್ಲನ್ನು ನಾನು ಕೈಯಿಂದಲೇ ಕಿತ್ತೆ. ಬೇರು ಸಮೇತ, ಬೆರಳುಗಳಿಂದ, ಬಾಯಿ ಮುಚ್ಚುವ ಚೀಲದೊಳಕ್ಕೆ. ತುಂಡೊಂದು ತಪ್ಪಿಸಿಕೊಂಡರೂ ಇನ್ನೆಲ್ಲೋ ಬೇರು ಬಿಡುತ್ತದೆ. ಮೇಲೆ ದೋಣಿಯಲ್ಲಿ ಮಾವ ಅತ್ತೆಯ ಹಿಟ್ಟಿನ ಜರಡಿ ಹಿಡಿದು ತೇಲಿಬಂದ ಎಲೆಗಳನ್ನು ಗೋರುತ್ತಿದ್ದ. ಜರಡಿ ಹಾಳಾಯಿತೆಂದು ಅತ್ತೆ ಇಬ್ಬರನ್ನೂ ಬೈದಳು. ವಾರಕ್ಕೊಮ್ಮೆ ಹೋದೆವು. ಕಿತ್ತಲ್ಲೇ ಮತ್ತೆ ಮೊಳೆಯುತ್ತಿತ್ತು. ಮಾವ ಪ್ರತಿಸಲವೂ ಎಷ್ಟು ಉಳಿದಿದೆ ಎನ್ನುತ್ತಿದ್ದ. ಅಳೆಯದೆ ಹೇಳೋದಿಲ್ಲ ಎನ್ನುತ್ತಿದ್ದೆ.

ಜೂನ್ ೨೦ರ ಬೆಳಿಗ್ಗೆ ಮಾವ, ಅಧಿಕಾರಿ ಇಬ್ಬರೂ ದೋಣಿಯಲ್ಲಿದ್ದರು. ನಾನು ಮುಳುಗಿದಾಗ ಚಿಪ್ಪಿನ ಅಂಚು ಮುರಿದ ಆಮೆಯೊಂದು ಎರಡನೆಯ ಪಂಜರವಿದ್ದ ಜಾಗದಲ್ಲಿ ಮೇಯುತ್ತಿತ್ತು. ಹೊಸ ಹುಲ್ಲನ್ನು ಎರಡು ಸಲ ಕಚ್ಚಿತು. ಆಮೇಲೆ ಸರಿದು, ಪಂಜರವಿದ್ದಾಗ ಉದ್ದ ಬೆಳೆದಿದ್ದ ಆಮೆಹುಲ್ಲಿನ ಬುಡಕ್ಕೆ ಬಾಯಿ ಹಾಕಿತು. ಇದರಿಂದ ಏನನ್ನೂ ತೀರ್ಮಾನಿಸಲಾಗದು. ಒಂದು ಆಮೆ, ಒಂದು ಬೆಳಗು. ಅದು ಹೋಗುವವರೆಗೆ ಕಾದು ಚೌಕಟ್ಟು ಇಟ್ಟು ಅಳೆದೆ.

ದೋಣಿಯ ಅಂಚು ಹಿಡಿದು ತಲೆ ಮೇಲೆತ್ತಿದಾಗ ಮಾವ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ನಾಲ್ಕೂ ಜಾಗಗಳ ಲೆಕ್ಕ ಕೂಡಿಸಿ ಅಧಿಕಾರಿಗೆ ಹೇಳಿದೆ: ೦.೮೩ ಚದರ ಮೀಟರ್.