ಕನ್ನಡಕ ಒರೆಸುವಷ್ಟು ಹೊತ್ತು

ಮೂವರೂ ಜಗಲಿಯ ಮೇಲೆ ಕೂತು ಅವರೆಕಾಳು ಹಿದುಕುತ್ತಿದ್ದರು. ನೆನೆದ ಕಾಳು ಬೆರಳಿನ ನಡುವೆ ಸಿಕ್ಕಿ ಪುಳಕ್ಕನೆ ಜಾರಿ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಬೆರಳಲ್ಲೇ ಉಳಿಯುತ್ತಿತ್ತು. ಮೋಹಿನಿ ಒಂದು ಪಕ್ಕ, ಅವಳ ಅತ್ತೆ ದೇವಿರಮ್ಮ ಇನ್ನೊಂದು ಪಕ್ಕ, ನಡುವೆ ಮೋಹಿನಿಯ ಮಗಳು ಶೋಭಿತಾ. ಹೋದ ವರ್ಷ ಇದೇ ಜಗಲಿಯಲ್ಲಿ ಈ ಹುಡುಗಿ ಒಂದೊಂದು ಕಾಳಿಗೂ ಒಂದೊಂದು ಹೆಸರಿಟ್ಟು, ಇದು ಅದರ ಸೊಸೆ, ಅದು ಇದರ ಭಾವ ಎಂದು ಹೇಳಿ ಹೇಳಿ ಇಬ್ಬರ ತಲೆ ತಿಂದಿದ್ದಳು. ಈಗ ಎರಡನೇ ಕ್ಲಾಸು. ಕಾಳಿಗೆ ಹೆಸರಿಲ್ಲ.

"ಇವ್ಳೇನು ಸ್ಕೂಲ್ಗೆ ಓಗಾಕಿಲ್ವಾ ಇವತ್ತು?" ಎಂದಳು ದೇವಿರಮ್ಮ.

ಶೋಭಿತಾ ಹೊಟ್ಟೆಯ ಮೇಲೆ ಕೈಯಿಟ್ಟು ಮುಖ ಕಿವುಚಿದಳು. ಬಾಯಿ ಬಿಟ್ಟು ಹೇಳಲಿಲ್ಲ. ಹೊಟ್ಟೆ ಅನ್ನಬೇಕೋ ಒಟ್ಟೆ ಅನ್ನಬೇಕೋ ಎಂಬ ಅಂಜಿಕೆಯಿಂದ ಕೈಯಲ್ಲೇ ತೋರಿಸುತ್ತಾಳೆ ಅನ್ನುವುದು ಮೋಹಿನಿಗೆ ಗೊತ್ತಿತ್ತು.

ಈ ವರ್ಷ ತಾಲ್ಲೂಕಿನ ಕೆಲವು ಶಾಲೆಗಳಲ್ಲಿ ಒಂದು ಹೊಸ ಪದ್ಧತಿಯನ್ನು ನಡೆಸಿ ನೋಡುತ್ತಿದ್ದರು. ಚಿಕ್ಕ ಕ್ಲಾಸಿನ ಮಕ್ಕಳು ಒಬ್ಬೊಬ್ಬರೇ ಎದ್ದು ನಿಂತು ಪಾಠ ಓದಬೇಕು. ಸ್ಪಷ್ಟ ಉಚ್ಚಾರಣೆಗೆ ಹತ್ತು ಅಂಕ. ತಪ್ಪಿದ ಕಡೆ ಮೇಡಂ ನಿಲ್ಲಿಸಿ ಮತ್ತೆ ಹೇಳಿಸಬೇಕು, ಅಂಕ ಕಳೆಯಬೇಕು. ಶೋಭಿತಾಳ ಸರದಿ ಬಂದಾಗ 'ಹಕ್ಕಿ ಹಾರಿತು' ಎಂದಿದ್ದದ್ದನ್ನು ಅವಳು 'ಅಕ್ಕಿ ಆರಿತು' ಎಂದು ಓದಿದಳು. ಮೇಡಂ ನಿಲ್ಲಿಸಿದರು. ಮತ್ತೆ ಓದಿದಳು, ಮತ್ತೆ ಅಕ್ಕಿಯೇ ಆರಿತು. ಆಮೇಲೆ ಇಡೀ ಕ್ಲಾಸು ಅವಳನ್ನು ಅಕ್ಕಿ ಎಂದು ಕರೆಯತೊಡಗಿತು. ಹಾಗೆ ಕರೆದ ಮಕ್ಕಳ ಬಾಯಲ್ಲೂ ಹಕ್ಕಿ ಅಕ್ಕಿಯೇ ಆಗಿತ್ತು; ಅವರ ಸರದಿ ಇನ್ನೂ ಬಂದಿರಲಿಲ್ಲ, ಅಷ್ಟೆ.

ಸುದ್ದಿ ಕೇಳಿ ದೇವಿರಮ್ಮ, "ಅಕ್ಕಿ ಆರ್ತು ಅಂದ್ರೆ ತಪ್ಪೇನವ್ವ? ತೊಳ್ದು ಮೊರುಕ್ಕಾಕುದ್ರೆ ಆರ್ದೆ ಇನ್ನೇನ್ಮಾಡದು ಅದು?" ಎಂದಿದ್ದಳು. ಮನೆಯವರೆಲ್ಲ ನಕ್ಕರು. ಮಗು ನಗಲಿಲ್ಲ. ಅದಾದ ಮೇಲೆ ಒಂದಷ್ಟು ದಿನ ಸಿಕ್ಕಸಿಕ್ಕ ಪದಕ್ಕೆಲ್ಲ 'ಹ' ಅಂಟಿಸಿಕೊಂಡು ಓಡಾಡಿತು. "ಹಜ್ಜಿ, ಹನ್ನ ಹಿಕ್ಕು" ಎಂದಾಗ ದೇವಿರಮ್ಮ ತಟ್ಟೆ ಹಿಡಿದುಕೊಂಡೇ ಸೊಸೆಯ ಮುಖ ನೋಡಿದಳು. ಕೊನೆಗೆ ಮಾತೇ ಬಿಟ್ಟಿತು.

"ಮದ್ಯಾನ್ದ ಮ್ಯಾಲೆ ಸಭೆ ಅದೆ ಅತ್ತೆ, ಮಳವಳ್ಳಿಗೆ ಓಗ್ಬೇಕು. ಇವ್ಳು ಮನೇಲೇ ಇರ್ಲಿ," ಎಂದು ಮೋಹಿನಿ ಎದ್ದಳು.

"ಓಗಿ ಏನ್ಮಾಡ್ತೀಯೆ, ಬಾಯಿ ಬುಡಾಕಿಲ್ಲ. ಇಂದ್ಲ ಸಲ್ವೂ ಓಗಿ ಸುಮ್ನೆ ಕುಂತ್ಕಂಡು ಬಂದೆ."

"ನೋಡ್ಕಂಡು ಬಂದೆ," ಎಂದಳು ಮೋಹಿನಿ.

ತಾಲ್ಲೂಕು ಪಾಠಕ್ರಮ ಸಮಿತಿಯಲ್ಲಿ ಅವಳದು ಪೋಷಕರ ಕುರ್ಚಿ. ಪುಸ್ತಕ ಬರೆಯುವುದು ಬೆಂಗಳೂರಿನವರ ಕೆಲಸ. ಆ ಪುಸ್ತಕವನ್ನು ಇಲ್ಲಿ ಹೇಗೆ ಓದಿಸಬೇಕು, ಯಾವ ಪಾಠದ ಜೊತೆ ನಾಲೆ, ಗದ್ದೆ, ಆಲೆಮನೆಯ ಸಂಗತಿ ಸೇರಿಸಬೇಕು, ಬಾಯಿಪಾಠಕ್ಕೆ ಎಷ್ಟು ಅಂಕ, ಇಂಥವನ್ನು ತೀರ್ಮಾನ ಮಾಡುವುದು ಈ ಸಮಿತಿ. ಹೋಬಳಿಗೆ ಇಬ್ಬರಂತೆ ಶಿಕ್ಷಕರು, ಬರೆದುಕೊಳ್ಳುವುದಕ್ಕೆ ಒಬ್ಬ ಕಾರ್ಯದರ್ಶಿ, ಎಲ್ಲರ ಮೇಲೆ ಒಬ್ಬ ಅಧ್ಯಕ್ಷರು, ಬಾಗಿಲ ಪಕ್ಕ ಪೋಷಕರಿಗೆಂದು ಎರಡು ಕುರ್ಚಿ. ಇನ್ನೊಂದು ಕುರ್ಚಿಯ ದೊಡ್ಡಸಿದ್ದಯ್ಯ ಮೊದಲ ಸಭೆಗೆ ಬಂದು, ಉಪ್ಪಿಟ್ಟಿಗೆ ಉಪ್ಪಿಲ್ಲ ಎಂದು ಹೇಳಿ ಹೋದವನು ಮತ್ತೆ ಬರಲಿಲ್ಲ. ಮೋಹಿನಿ ಓದಿದ್ದು ಏಳನೇ ಕ್ಲಾಸಿನವರೆಗೆ. ಊರಿನ ಹೆಡ್‌ಮೇಷ್ಟ್ರು ಅವಳ ಹೆಸರು ಕಳಿಸಿದ್ದೇ ಅವಳು ಮಾತಾಡುವುದಿಲ್ಲ ಎಂಬ ಧೈರ್ಯದ ಮೇಲೆ.

ಮಾತಾಡದವಳಿಗೆ ನೋಡುವುದಕ್ಕೆ ಬೇಕಾದಷ್ಟು ಪುರುಸೊತ್ತು. ಸಭೆ ಹೇಗೆ ನಡೆಯುತ್ತದೆ ಅನ್ನುವುದನ್ನು ಅವಳು ಮಗ್ಗದ ಪಕ್ಕ ಕೂತವರು ನೇಯ್ಗೆ ಕಲಿತ ಹಾಗೆ ಕಲಿತಿದ್ದಳು. ಅಧ್ಯಕ್ಷ ಜವರಯ್ಯನವರು ನಿವೃತ್ತ ಮೇಷ್ಟ್ರು. ಕೈ ಎತ್ತಿಸಿ ಎಣಿಸುವುದು ಅವರಿಗೆ ಆಗದು. ಎಣಿಸಿದರೆ ಎರಡು ಪಕ್ಷ ಆಗುತ್ತದೆ, ಆಮೇಲೆ ಬಸ್ಸಿನಲ್ಲೂ ಎರಡು ಪಕ್ಷವಾಗಿಯೇ ಕೂರುತ್ತಾರೆ ಎನ್ನುತ್ತಿದ್ದರು. ಕಾರ್ಯದರ್ಶಿ ಶಿವರಾಮು ಒಂದು ವಿಷಯ ಓದಿ ಮುಗಿಸಿ, ಚರ್ಚೆ ಆದ ಮೇಲೆ, ಜವರಯ್ಯನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಾರೆ. ಮೊದಲು ಒಂದು ಗಾಜು, ಆಮೇಲೆ ಇನ್ನೊಂದು. ಅಷ್ಟರಲ್ಲಿ ಯಾರಾದರೂ ಬಾಯಿ ಬಿಟ್ಟರೆ ವಿಷಯ ಉಪಸಮಿತಿಗೆ ಹೋಗುತ್ತದೆ. ಹೋದದ್ದು ತಿರುಗಿ ಬಂದದ್ದನ್ನು ಮೋಹಿನಿ ಕಂಡಿಲ್ಲ. ಯಾರೂ ಮಾತಾಡದಿದ್ದರೆ ಕನ್ನಡಕ ಮೂಗಿನ ಮೇಲೆ ಕೂರುತ್ತದೆ, "ಬರ್ಕಳಪ್ಪ ಶಿವರಾಮು" ಎನ್ನುತ್ತಾರೆ, ಅಲ್ಲಿಗೆ ಅದು ತಾಲ್ಲೂಕಿಗೆಲ್ಲ ಕಾನೂನು. ಶಿಕ್ಷಕರು ತಮ್ಮತಮ್ಮಲ್ಲಿ ಅದನ್ನು ಕನ್ನಡಕದ ಹೊತ್ತು ಅನ್ನುತ್ತಿದ್ದರು.

ಇವತ್ತಿನ ನಾಲ್ಕನೇ ವಿಷಯ: ಉಚ್ಚಾರಣೆಯ ಹತ್ತು ಅಂಕವನ್ನು ಮುಂದಿನ ವರ್ಷದಿಂದ ತಾಲ್ಲೂಕಿನ ಎಲ್ಲ ಶಾಲೆಗೂ ತರುವುದು. ಹಲಗೂರಿನಿಂದ ಮಳವಳ್ಳಿಯವರೆಗೆ ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು ಮೋಹಿನಿ ತನ್ನ ಮಾತನ್ನು ಕಟ್ಟಿಕೊಂಡಳು. 'ಹಳ್ಳಿ ಮಕ್ಕಳು ಹೆದರ್ತಾವೆ ಸಾರ್, ಇದು ಉಪಸಮಿತಿಗೆ ಹೋಗಲಿ.' ಇಷ್ಟು ಸಾಕು. ಉಪಸಮಿತಿಗೆ ಹೋದರೆ ಸತ್ತ ಹಾಗೆ. ಒಂದೇ ಒಂದು ಸಲ, ಆ ಹೊತ್ತಿನಲ್ಲಿ ಬಾಯಿ ಬಿಟ್ಟರೆ ಆಯಿತು.

ವಿಷಯ ಮಂಡಿಸಿದವರು ಸಮಿತಿಯ ಶಿಕ್ಷಕಿ ವೀಣ ಮೇಡಂ. ಗರಿಗರಿ ಇಸ್ತ್ರಿಯ ಹತ್ತಿ ಸೀರೆ, ಪ್ರತಿ ಪದವನ್ನೂ ತೊಳೆದು ಇಟ್ಟಂಥ ಮಾತು. "ನಮ್ಮ ಮಕ್ಕಳಿಗೆ ಬುದ್ಧಿ ಕಡಿಮೆ ಇಲ್ಲ ಸರ್. ಬಾಯಿ ತೆರೆದ ಕೂಡಲೇ ಸೋಲ್ತಾರೆ, ಅಷ್ಟೆ. ಚಿಕ್ಕವರಿದ್ದಾಗಲೇ ತಿದ್ದಿದರೆ ಮುಂದೆ ಯಾರೂ ನಗೋದಿಲ್ಲ," ಎಂದರು. ಕೆಲವರು ತಲೆಯಾಡಿಸಿದರು. ಒಬ್ಬರು ಆಕಳಿಸಿದರು. ಜವರಯ್ಯನವರು ಕನ್ನಡಕ ತೆಗೆದರು.

ಮೋಹಿನಿ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತೇ ಬಿಟ್ಟಳು. ಒಂದು ಗಾಜು ಒರೆಸಿ ಆಗುತ್ತಿತ್ತು. ಅವಳ ಮಾತು 'ಹಳ್ಳಿ' ಎಂದು ಶುರುವಾಗಬೇಕಿತ್ತು, ಆ ಮೊದಲ ಅಕ್ಷರ ಗಂಟಲಲ್ಲಿ ಅಡ್ಡ ಕೂತಿತು. ಉಸಿರು ಬಂತು, ಅಕ್ಷರ ಬರಲಿಲ್ಲ. ಎರಡನೇ ಗಾಜೂ ಆಯಿತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಏನವ್ವ, ಫ್ಯಾನ್ ಜಾಸ್ತಿ ಆಯ್ತಾ?" ಎಂದರು ಜವರಯ್ಯ.

ಅವಳು ಎದ್ದವಳು ಹೋಗಿ ಫ್ಯಾನು ಕಡಿಮೆ ಮಾಡಿ ಬಂದು ಕೂತಳು.

"ಬರ್ಕಳಪ್ಪ ಶಿವರಾಮು."

ಟೀ ಬಿಟ್ಟರು. ಮೋಹಿನಿ ಲೋಟ ಹಿಡಿದು ವರಾಂಡದ ಕಟ್ಟೆಯ ಮೇಲೆ ಕೂತಳು. ಅಳು ಬರುತ್ತದೇನೋ ಎಂದು ನೋಡಿಕೊಂಡಳು, ಬರಲಿಲ್ಲ. ಕೈಯಿಂದ ಕಾಳು ಜಾರಿ ನೆಲಕ್ಕೆ ಬಿದ್ದ ಹಾಗೆ ಅನ್ನಿಸಿತು, ಪಾತ್ರೆಯಲ್ಲಿ ಇನ್ನೂ ಕಾಳು ಇದ್ದ ಹಾಗೂ ಅನ್ನಿಸಿತು. ಆಚೆ ಕಂಬದ ಹತ್ತಿರ ಶಿವರಾಮು ಫೋನಿನಲ್ಲಿ, "ಊಂ ಕಣವ್ವ, ಬತ್ತೀನಿ ಬುಡು. ಅಸು ಕೊಟ್ಟಿಗೇಲೇ ಇರ್ಲಿ, ನಾನೇ ಬಂದು ಉಲ್ಲಾಕ್ತೀನಿ," ಎನ್ನುತ್ತಿದ್ದ. ಒಳಗೆ ವಿಷಯ ಓದುವಾಗ ಅವನ ದನಿ ಬೇರೆಯೇ.

ವೀಣ ಮೇಡಂ ಬಂದು ಪಕ್ಕದಲ್ಲಿ ಕೂತರು. "ಏನೋ ಹೇಳಕ್ಕೆ ಎದ್ರಿ ಅಲ್ವಾ ನೀವು? ಫ್ಯಾನ್‌ಗಲ್ಲ."

ಮೋಹಿನಿ ನಕ್ಕಳು. "ಊಂ ಮೇಡಂ. ಆಗ್ಲಿಲ್ಲ."

"ನಾನೂ ಹಾಗೇ ಇದ್ದೆ ಕಣಮ್ಮ." ವೀಣ ಟೀ ಊದಿಕೊಂಡರು. "ಡಿಗ್ರಿ ಭಾರತೀನಗರದಲ್ಲಿ ಮುಗಿಸಿ ಬಿ.ಎಡ್‌ಗೆ ಮೈಸೂರಿಗೆ ಹೋದೆ. ಮೊದಲ್ನೇ ಸಲ ಪಾಠ ಮಾಡಕ್ಕೆ ನಿಲ್ಲಿಸಿದ್ರು. ಹವಾಮಾನ ಅಂತ ಪಾಠ. ನಾನು ಬೋರ್ಡಿನ ಮುಂದೆ ನಿಂತು, 'ಮಕ್ಕಳೇ, ಇವತ್ತು ಅವಮಾನದ ಬಗ್ಗೆ ತಿಳ್ಕೊಳ್ಳೋಣ' ಅಂದೆ." ತಾವೇ ಜೋರಾಗಿ ನಕ್ಕರು, ಆಮೇಲೆ ನಗು ತಾನಾಗಿ ಇಳಿಯಿತು. "ಅದಕ್ಕೇ ಈ ಹತ್ತು ಅಂಕ. ನಮ್ಮ ಮಕ್ಕಳಿಗೆ ಆ ಥರ ಆಗಬಾರ್ದು ನೋಡಿ."

"ಆಮ್ಯಾಕೆ ಪಾಠ ಮುಗ್ಸುದ್ರಾ ಮೇಡಂ?"

ವೀಣ ಲೋಟದ ಅಂಚಿಗೆ ಹತ್ತಿದ ಕೆನೆಯನ್ನು ಬೆರಳಿನಿಂದ ತೆಗೆದರು. "ಇಲ್ಲ. ನಮ್ಮ ಸರ್ ಅಲ್ಲೇ ನಿಲ್ಲಿಸಿ ತಿದ್ದಿದ್ರು. ಮತ್ತೆ ಶುರು ಮಾಡಿದೆ, ಮತ್ತೆ ನಿಲ್ಲಿಸಿದ್ರು. ಮೂರು ದಿನ ಕೂತು ಚಾರ್ಟ್ ಬರ್ದಿದ್ದೆ. ಮೋಡ, ಮಳೆ, ಎಲ್ಲಾ ಬಣ್ಣದಲ್ಲಿ. ಬಿಚ್ಚಲೇ ಇಲ್ಲ."

"ನಂಗೊಂದು ಉಂಜದ ಪಾಠ ಇತ್ತು," ಎಂದಳು ಮೋಹಿನಿ. ಇಷ್ಟು ಮಾತು ಅವಳು ಯಾರ ಹತ್ತಿರವೂ ಆಡಿರಲಿಲ್ಲ. "ಒಂದು ಉಂಜ ಅಳ್ಳ ದಾಟಿ ಆಚೆ ದಡಕ್ಕೆ ಓಯ್ತದೆ. ನಾನ್ ಓದಾಕೆ ಎದ್ದಾಗೆಲ್ಲ ಉಂಜದತ್ರಾನೇ ನಿಲ್ಲುಸ್ಬುಡೋರು. ಮೇಷ್ಟ್ರು ಒಳ್ಳೇರೇಯ. ತಿದ್ದೋರು, ಇನ್ನೊಂದ್ಸಲ ಅನ್ನೋರು, ಅಷ್ಟ್ರಲ್ಲಿ ಬೆಲ್ಲು ಒಡ್ಯೋದು. ಅದು ತಿರ್ಗ ಮನೆಗೆ ಬಂತೋ ಇಲ್ವೋ ನಂಗಿನ್ನೂ ಗೊತ್ತಿಲ್ಲ."

ವೀಣ ಅವಳ ಕಡೆ ತಿರುಗಿ ನೋಡಿದರು. ಏನೋ ಕೇಳಬೇಕು ಎಂದುಕೊಂಡವರ ಹಾಗೆ ಕಂಡರು. ಒಳಗಿನಿಂದ ಶಿವರಾಮು ಕರೆದ.

ಸಭೆ ಮುಂದೆ ನಡೆಯಿತು. ಆಲೆಮನೆಯ ಪಾಠದಲ್ಲಿ ಬೆಲ್ಲದ ಅಚ್ಚಿನ ಚಿತ್ರ ಇರಬೇಕೋ ಗಾಣದ ಚಿತ್ರ ಇರಬೇಕೋ ಎಂದು ಮದ್ದೂರು ಕಡೆಯಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಬಹಳ ಹೊತ್ತು ಜಗ್ಗಾಡಿದರು, ವಿಷಯ ಉಪಸಮಿತಿಗೆ ಹೋಯಿತು. ಮೋಹಿನಿ ಅದರ ಕಡೆ ಕಿವಿ ಕೊಡಲಿಲ್ಲ. ಒಂದು ಸಲ ಒಪ್ಪಿಗೆಯಾದದ್ದನ್ನು ವರ್ಷ ಕಳೆಯುವ ತನಕ ಮತ್ತೆ ಎತ್ತುವಂತಿಲ್ಲ, ಹತ್ತು ಅಂಕ ಇನ್ನು ಹೋಗುವುದಿಲ್ಲ. ಸರಿ, ಅಂಕ ಇರಲಿ. ಕೊನೆಯಲ್ಲಿ 'ಇತರೆ' ಅಂತ ಒಂದು ಇರುತ್ತದೆ, ಅದರಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು. ಎಲ್ಲರೂ ಚೀಲಕ್ಕೆ ಕೈ ಹಾಕುವ ಹೊತ್ತು ಅದು. ಭಾಷಣ ಮಾಡಬಾರದು, ಒಂದೇ ಮಾತಿನಲ್ಲಿ ಹೇಳಬೇಕು ಎಂದು ಜವರಯ್ಯನವರ ಕಟ್ಟಪ್ಪಣೆ. ಒಂದೇ ಮಾತು ತನಗೆ ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ ಎಂದುಕೊಂಡಳು ಮೋಹಿನಿ. ನಾಲ್ಕನೇ ವಿಷಯಕ್ಕೆ ಯಾರಾದರೂ ಬಾಯಿ ಬಿಡಬೇಕಿತ್ತು. ಇದಕ್ಕೆ ಯಾರೂ ಬಿಡದಿದ್ದರೆ ಸಾಕು.

ಹೊರಗೆ ಬಸ್ಸುಗಳು ಬಂದು ನಿಲ್ಲುವ ಸದ್ದಾಯಿತು.

"ಇತರೆ," ಎಂದು ಓದಿದ ಶಿವರಾಮು, ಪೆನ್ನಿನ ಮುಚ್ಚಳ ಹಾಕಿಕೊಳ್ಳುತ್ತ. "ಏನೂ ಇಲ್ಲ ಅನ್ಸುತ್ತೆ ಸರ್."

ಮೋಹಿನಿ ಎದ್ದಳು. ಈ ಸಲ ಕುರ್ಚಿಯ ಬೆನ್ನು ಹಿಡಿಯಲಿಲ್ಲ.

"ಫ್ಯಾನ್ ಆಫ್ ಮಾಡ್ಬುಡವ್ವ, ಮುಗೀತು," ಎಂದರು ಜವರಯ್ಯ.

"ಫ್ಯಾನಲ್ಲ ಸಾರ್. ಒಂದ್ ಮಾತದೆ."

ಚೀಲದೊಳಗೆ ಹೋಗಿದ್ದ ಕೈಗಳು ಅಲ್ಲೇ ನಿಂತವು. ಮದ್ದೂರಿನ ಕಡೆಯ ಮೇಷ್ಟ್ರು ವಾಚು ನೋಡಿಕೊಂಡು, "ಬೇಗ ಯೋಳವ್ವ, ಬಸ್ಸು ಓಯ್ತದೆ," ಎಂದುಬಿಟ್ಟು, ತಾನು ಅಂದದ್ದು ತನಗೇ ಕೇಳಿಸಿದ ಹಾಗೆ ಗಂಟಲು ಸರಿಮಾಡಿಕೊಂಡರು. ಶಿವರಾಮು ಪೆನ್ನಿನ ಮುಚ್ಚಳ ಮತ್ತೆ ತೆಗೆದ. ಮೋಹಿನಿ ಯಾರ ಮುಖವನ್ನೂ ನೋಡಲಿಲ್ಲ. ಅಧ್ಯಕ್ಷರ ಮೂಗಿನ ಮೇಲಿನ ಆ ಎರಡು ಗಾಜುಗಳನ್ನು ಮಾತ್ರ ನೋಡಿದಳು.

"ತಿದ್ದಿ ಸಾರ್, ಬ್ಯಾಡ ಅನ್ನಾಕಿಲ್ಲ. ಆದ್ರೆ ಮಗು ಎದ್ ನಿಂತ್ರೆ, ಪಾಠ ಪೂರ್ತಿ ಓದಿ ಮುಗ್ಸಗಂಟ ಯಾರೂ ನಿಲ್ಲುಸ್ಬ್ಯಾಡಿ."

ಜವರಯ್ಯನವರು ಅವಳನ್ನು ಒಂದು ಗಳಿಗೆ ನೋಡಿ, ಕನ್ನಡಕ ತೆಗೆದರು. ಪಂಚೆಯ ಅಂಚು ಹುಡುಕಿ ಎಡಗಡೆಯ ಗಾಜಿಗೆ ಉಸಿರು ಬಿಟ್ಟರು. ವೀಣ ಮೇಡಂ ಮುಂದಕ್ಕೆ ಬಾಗಿದರು, ತುಟಿ ಬಿಚ್ಚಿದರು, ಆಮೇಲೆ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಹಿಂದಕ್ಕೆ ಒರಗಿದರು. ರಸ್ತೆಯ ಕಡೆಯಿಂದ ಕಂಡಕ್ಟರನ ಕೂಗು ಕಿಟಕಿಯಲ್ಲಿ ಬಂತು: "ಅಲಗೂರ್, ಅಲಗೂರ್, ಅಲಗೂರ್." ಎಡಗಡೆಯ ಗಾಜು ಮುಗಿಯಿತು. ಜವರಯ್ಯನವರು ಬಲಗಡೆಯದನ್ನು ಬೆಳಕಿಗೆ ಹಿಡಿದು, ಎಂದಿಗಿಂತ ನಿಧಾನವಾಗಿ, ಅಂಚಿನಿಂದ ನಡುವಿಗೆ ಒರೆಸತೊಡಗಿದರು.

ಮೋಹಿನಿ ನಿಂತೇ ಇದ್ದಳು. ಯಾರೂ ಮಾತಾಡಲಿಲ್ಲ.