ಒಂಬತ್ತನೆಯ ಸಾಲು

ಒಂಬತ್ತನೆಯ ಸಾಲಿಗೆ ಬಂದು, ಬರೆಯುತ್ತಿದ್ದ ಶಿದ್ದಪ್ಪನ ಟಾಕು ನಿಂತಿತು. ಸುಳ್ಳದ ಕನ್ನಡ ಶಾಲೆಯಲ್ಲಿ ಹುಡುಗರೆಲ್ಲ ಆಗಲೇ ಮನೆಗೆ ಹೋಗಿದ್ದರು. ಮೇಜಿನ ಮೇಲೆ ಧಾರವಾಡದಿಂದ ಬಂದ ಅಚ್ಚಿನ ಹಾಳೆ ಇತ್ತು. ಟ್ರೇನಿಂಗ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೂಡ್ರುವ ಮಾಸ್ತರರು ಏನೇನು ಓದಬೇಕೆಂಬ ಅಭ್ಯಾಸಕ್ರಮ ಅದರಲ್ಲಿತ್ತು, ಒಟ್ಟು ಹನ್ನೊಂದು ಸಾಲು. ಹಾಳೆ ಒಂದೇ, ಮರುದಿನ ಬೆಳಿಗ್ಗೆ ಅದು ಬ್ಯಾಹಟ್ಟಿಯ ಶಾಲೆಗೆ ಹೋಗಬೇಕು, ಅಲ್ಲಿಂದ ಮುಂದಿನ ಊರಿಗೆ. ಅದಕ್ಕೇ ಹೆಡ್‌ಮಾಸ್ತರ ಕುಬೇರಪ್ಪನವರು ಶಿದ್ದಪ್ಪನನ್ನು ಕರೆದು, ನಿಮ್ಮ ಅಕ್ಷರ ಮುತ್ತಿನಂಥವು, ನಿಮಗೊಂದು ಖಾಜಾಸಾಬಗೊಂದು ಎರಡು ಪ್ರತಿ ಇಳಿಸಿಕೊಳ್ಳಿರಿ ಎಂದು ಹೇಳಿ ಹೋಗಿದ್ದರು. ಖಾಜಾಸಾಬ ಆ ದಿನ ರಜೆ ಹಾಕಿದ್ದ. ಅಣ್ಣಿಗೇರಿಯ ಮದುವೆಮನೆಯೊಂದರ ಗಾದಿಗಳಿಗೆ ಅರಳೆ ಹಿಂಜಲು ಅವನ ಅಪ್ಪನಿಗೆ ಒಬ್ಬನ ಕೈ ಸಾಲದಾಗಿತ್ತು.

ತನ್ನ ಪ್ರತಿಯನ್ನು ಶಿದ್ದಪ್ಪ ಹನ್ನೊಂದೂ ಸಾಲು ಬರೆದು ಮುಗಿಸಿದ್ದ. ಈಗ ಬರೆಯುತ್ತಿದ್ದುದು ಖಾಜಾಸಾಬನದು. ಒಂಬತ್ತನೆಯ ಸಾಲು ಹೀಗಿತ್ತು: ಧಾರವಾಡ ಜಿಲ್ಲೆಯ ನಕಾಶೆಯನ್ನು ನೋಡದೆ ತೆಗೆಯುವುದು, ಊರು, ಹೊಳೆ, ರೈಲು ಹಾದಿ ಸಹಿತ, ಇಪ್ಪತ್ತು ಮಾರ್ಕು. ಅವನು ಒಮ್ಮೆ ಬಾಗಿಲ ಕಡೆ ನೋಡಿದ. ಟಾಕನ್ನು ದೌತಿಯಲ್ಲಿ ಅದ್ದಿದ. ಹತ್ತನೆಯ ಸಾಲನ್ನು ಬರೆದ.

ಕೈತಪ್ಪಿನಿಂದ ಆಯಿತು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಕೈ ತಪ್ಪಿದವ ಅಂಕಿಗಳನ್ನೂ ಸರಿಮಾಡಿ ಬರೆಯುತ್ತಾನೆಯೇ? ಹತ್ತನೆಯದಕ್ಕೆ ಒಂಬತ್ತು ಎಂದು, ಹನ್ನೊಂದನೆಯದಕ್ಕೆ ಹತ್ತು ಎಂದು ಒಪ್ಪವಾಗಿ ಹಾಕಿ, ಕೆಳಗೊಂದು ಗೆರೆ ಎಳೆದು, ಮಸಿ ಒಣಗಲೆಂದು ಊದಿದ. ಅಷ್ಟು ಚೆಂದದ ಬರಹ ಅವನ ಕೈಯಿಂದ ಅದುವರೆಗೆ ಬಿದ್ದಿರಲಿಲ್ಲ.

ಇಬ್ಬರೂ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರು, ಇಬ್ಬರೂ ಹಂಗಾಮಿ ಮಾಸ್ತರರು. ಬರುವ ಜೂನಿನಿಂದ ಸುಳ್ಳಕ್ಕೆ ಒಬ್ಬನೇ ಸಾಕು, ಪರೀಕ್ಷೆಯಲ್ಲಿ ಮೇಲೆ ಬಂದವನನ್ನು ಟ್ರೇನಿಂಗಿಗೆ ಕಳಿಸಿ ಕಾಯಂ ಮಾಡುತ್ತೇವೆ, ಇನ್ನೊಬ್ಬನಿಗೆ ಜಾಗವಿಲ್ಲ ಎಂದು ಬೋರ್ಡಿನಿಂದ ಕಾಗದ ಬಂದಿತ್ತು. ಶಿದ್ದಪ್ಪ ಐದು ವರ್ಷದಿಂದ ಇದ್ದವ, ಖಾಜಾಸಾಬ ಬಂದು ಎರಡು ವರ್ಷ. ನ್ಯಾಯವಾಗಿ ನೋಡಿದರೆ ಜಾಗ ತನ್ನದೇ ಎಂದು ಶಿದ್ದಪ್ಪನ ಲೆಕ್ಕ. ಆದರೆ ಊರಿಗೆ ಊರೇ ಬೇರೆ ಲೆಕ್ಕ ಹಾಕುತ್ತಿತ್ತು, ಅದೇ ಅವನ ಹೊಟ್ಟೆಯಲ್ಲಿ ಖಾರ ಅರೆಯುತ್ತಿತ್ತು.

ಹೋದ ವರ್ಷ ದಿಪೋಟಿ ಸಾಹೇಬರು ತಪಾಸಣೆಗೆ ಬಂದಿದ್ದರು. ಶಿದ್ದಪ್ಪನ ನಾಲ್ಕನೆಯ ಇಯತ್ತೆಯಲ್ಲಿ ಒಬ್ಬ ಹುಡುಗನೂ ತಪ್ಪಲಿಲ್ಲ, ಮಗ್ಗಿ ಕೇಳಿದರೆ ಮಗ್ಗಿ, ಪದ್ಯ ಕೇಳಿದರೆ ಪದ್ಯ. ಸಾಹೇಬರು ತಲೆಯಾಡಿಸಿ ಮುಂದೆ ನಡೆದರು. ಖಾಜಾಸಾಬನ ಎರಡನೆಯ ಇಯತ್ತೆಯಲ್ಲಿ ಅರ್ಧ ಗಂಟೆ ಕೂತರು, ಹುಡುಗರೊಂದಿಗೆ ನಕ್ಕರು, ಹೋಗುವಾಗ ಶೇರಾ ಪುಸ್ತಕದಲ್ಲಿ ಬರೆದರು: ಈ ಮಾಸ್ತರರಿಗೆ ಕಲಿಸುವ ಕೈ ಇದೆ. ಕಲಿಸುವ ಕೈ! ಹಾಗಾದರೆ ತನ್ನ ಕೈ ಏನು ಮಾಡುತ್ತಿತ್ತು, ಮೊಸರು ಕಡೆಯುತ್ತಿತ್ತೇ? ಆ ಪುಸ್ತಕವನ್ನು ಕಪಾಟಿನಲ್ಲಿಡುವ ಕೆಲಸ ಶಿದ್ದಪ್ಪನದೇ ಆದ್ದರಿಂದ ಆ ಸಾಲನ್ನು ಅವನು ಬೇಡವೆಂದರೂ ಓದುತ್ತಿದ್ದ. ಮನೆಗೆ ಹೋದರೆ ಅವ್ವ ಕಾಳವ್ವನ ಬಾಯಲ್ಲೂ ಅದೇ ಹೆಸರು. ವರ್ಷಕ್ಕೊಮ್ಮೆ ಅವಳ ಗಾದಿಯ ಅರಳೆಯನ್ನು ಮಿಡಿದು ಹಿಂಜುವ ಬಿಲ್ಲು ಹೊತ್ತು ಬರುವ ಮಕಬೂಲಸಾಬನ ಮಗನಲ್ಲವೇ ಖಾಜಾಸಾಬ, ಅವಳಿಗೆ ಅವನು ತೊಡೆಯ ಮೇಲೆ ಆಡಿಸಿದ ಹುಡುಗನಷ್ಟು ಹತ್ತಿರ.

"ಆ ಹುಡುಗನ ಮಾತ ಎಷ್ಟ ಮೆತ್ತಗದ ನೋಡು. ನೀ ಸಾಲ್ಯಾಗ ಒದರೂದು ಇಲ್ಲೀತನಕ ಕೇಳಸ್ತದಪಾ" ಎಂದು ಅವಳು ಒಮ್ಮೆ ರೊಟ್ಟಿ ಬಡಿಯುತ್ತ ಅಂದಿದ್ದಳು. ಆ ದಿನ ಶಿದ್ದಪ್ಪ ಒಂದೇ ರೊಟ್ಟಿಗೆ ಎದ್ದುಬಿಟ್ಟ.

ಅಣ್ಣಿಗೇರಿಯಿಂದ ಮರಳಿದ ಖಾಜಾಸಾಬ ಪ್ರತಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅವನ ಕೂದಲಲ್ಲಿ ಇನ್ನೂ ಅರಳೆಯ ಎಳೆಗಳಿದ್ದವು. ಇಷ್ಟು ಚೆಂದ ಬರೆದದ್ದನ್ನು ಮಡಚಿ ಕಿಸೆಯಲ್ಲಿಡಲು ಮನಸ್ಸು ಬರುವುದಿಲ್ಲ ಎಂದ. ಬರೀ ಮಾತಲ್ಲ, ಎರಡು ದಿನ ಬಿಟ್ಟು ಶಿದ್ದಪ್ಪ ಆ ಓಣಿಯಲ್ಲಿ ಹೋಗುವಾಗ ನೋಡುತ್ತಾನೆ, ಹಾಳೆ ಅವರ ಪಡಸಾಲೆಯ ಗೋಡೆಗೆ ಅಂಟಿ ಕೂತಿದೆ! ಖಾಜಾಸಾಬನ ತಾಯಿ ಮಾಬೂಬಿ ಓದು ಬಾರದವಳು, ಸೆರಗಿನಿಂದ ಅದರ ಮೇಲಿನ ಧೂಳು ಒರೆಸುತ್ತಿದ್ದಳು. ಶಿದ್ದಪ್ಪ ಆಮೇಲೆ ಆ ಓಣಿಯನ್ನು ಬಿಟ್ಟು ಕೆರೆಯ ದಾರಿ ಹಿಡಿದು ಹೋಗತೊಡಗಿದ.

ಪರೀಕ್ಷೆಗೆ ಇನ್ನೂ ಒಂದು ತಿಂಗಳಿತ್ತು. ದಿನಾ ಸಂಜೆ ಇಬ್ಬರೂ ಶಾಲೆಯ ಕಟ್ಟೆಯ ಮೇಲೆ ಓದಲು ಕೂಡುತ್ತಿದ್ದರು. ಪುಸ್ತಕ ಒಂದೇ ಆದ್ದರಿಂದ ಒಬ್ಬ ಹಿಡಿಯುವುದು, ಇನ್ನೊಬ್ಬ ಬಾಯಿಪಾಠ ಒಪ್ಪಿಸುವುದು. ಶಿದ್ದಪ್ಪನಿಗೆ ಕಾಲ-ಕೆಲಸದ ಲೆಕ್ಕ ಎಂದರೆ ತಲೆ ಬಿಸಿ. ಹತ್ತು ಆಳು ಆರು ದಿನದಲ್ಲಿ ಕಟ್ಟಿದ ಗೋಡೆ ಅವನ ತಲೆಯಲ್ಲಿ ಪ್ರತಿ ಸಲವೂ ಬೀಳುತ್ತಿತ್ತು. ಖಾಜಾಸಾಬ ಬೇಸರವಿಲ್ಲದೆ, ಎರಡನೆಯ ಇಯತ್ತೆಯ ಹುಡುಗನಿಗೆ ಹೇಳಿದಂತೆ ಮತ್ತೆ ಮತ್ತೆ ಹೇಳಿದ. ಹದಿನೈದು ದಿನಕ್ಕೆ ಲೆಕ್ಕ ಹತ್ತಿತು. ಹತ್ತಿದಾಗ ಶಿದ್ದಪ್ಪನಿಗೆ ಖುಷಿಯಾಗಬೇಕಿತ್ತು, ಮೈಯೆಲ್ಲ ಉರಿಯಿತು. ದಿಪೋಟಿ ಬರೆದದ್ದು ಖರೇ, ಇವನಿಗೆ ಆ ಕೈ ಇದೆ ಎಂದು ಅವನಿಗೆ ಅಂದೇ ಗೊತ್ತಾದದ್ದು.

ಓದು ಮುಗಿದ ಮೇಲೆ ಖಾಜಾಸಾಬ ಅರಿವೆಯ ಗಂಟು ಬಿಚ್ಚುತ್ತಿದ್ದ. ತನ್ನ ಮನೆಯಲ್ಲಿ ಬೇಯಿಸಿದ್ದನ್ನು ಶಿದ್ದಪ್ಪ ತಿನ್ನುವಂತಿಲ್ಲ ಎಂದು ಅವನಿಗೆ ಗೊತ್ತು. ಅದಕ್ಕೆ ಹಸಿ ಶೇಂಗಾ ಮತ್ತು ಒಂದು ಅಚ್ಚು ಬೆಲ್ಲ ತರುತ್ತಿದ್ದ. ಬೆಲ್ಲವನ್ನು ಕಲ್ಲಿನಿಂದ ಒಡೆಯುವನು. ದೊಡ್ಡ ಚೂರು ಯಾವಾಗಲೂ ಶಿದ್ದಪ್ಪನಿಗೆ. ನೀವು ನನಗಿಂತ ಹಿರಿಯರು ಎನ್ನುವನು. ಶಿದ್ದಪ್ಪ ಬಾಯಿ ಸಿಹಿ ಮಾಡಿಕೊಂಡು ಮನೆಗೆ ಹೋಗಿ, ಮರುದಿನ ನಸುಕಿನಲ್ಲಿ ಎದ್ದು, ಹಿತ್ತಲ ಕೋಣೆಯ ಸಾರಿಸಿದ ನೆಲದ ಮೇಲೆ ಖಡುವಿನಿಂದ ಧಾರವಾಡ ಜಿಲ್ಲೆಯ ನಕಾಶೆ ತೆಗೆಯುವನು. ಬಡಗಣಕ್ಕೆ ಮಲಪ್ರಭೆ, ತೆಂಕಣಕ್ಕೆ ತುಂಗಭದ್ರೆ, ನಡುವೆ ಬೆಣ್ಣಿಹಳ್ಳ, ಹುಬ್ಬಳ್ಳಿಯಿಂದ ಕೆಳಗಿಳಿಯುವ ರೈಲು. ಅವ್ವ ಏಳುವುದರೊಳಗೆ ಒದ್ದೆ ಅರಿವೆಯಿಂದ ಒರೆಸುವನು. ದಿನಕ್ಕೆ ಮೂರು ಸಲ ತೆಗೆದು ಮೂರು ಸಲ ಒರೆಸಿ, ಕಡೆಗೆ ಕಣ್ಣು ಮುಚ್ಚಿದರೂ ಬೆರಳು ತಾನಾಗಿಯೇ ಹೊಳೆಯ ಗುಂಟ ಹೋಗುತ್ತಿತ್ತು.

ಹೇಳಿಬಿಡಬೇಕು ಎಂದು ಅವನಿಗೆ ಅನಿಸಲೇ ಇಲ್ಲವೆಂದಲ್ಲ. ಎರಡು ಸಲ ಬಾಯಿಯವರೆಗೆ ಬಂದಿತ್ತು. ಒಂದು ಸಲ ಹೇಳಬೇಕೆನ್ನುವಷ್ಟರಲ್ಲಿ ಎರಡನೆಯ ಇಯತ್ತೆಯ ಹುಡುಗಿಯೊಬ್ಬಳು ಖಾಜಾಸಾಬನಿಗೆಂದು ಉಡಿಯಲ್ಲಿ ಬಾರಿಹಣ್ಣು ತಂದಳು. ಶಿದ್ದಪ್ಪನಿಗೆ ಐದು ವರ್ಷದಲ್ಲಿ ಯಾರೂ ಒಂದು ಬಾರಿಹಣ್ಣು ತಂದುಕೊಟ್ಟಿರಲಿಲ್ಲ. ಮಾತು ಹೊಟ್ಟೆಯಲ್ಲಿಯೇ ಉಳಿಯಿತು.

ಪರೀಕ್ಷೆಯ ಹಿಂದಿನ ದಿನ ಇಬ್ಬರೂ ಧಾರವಾಡಕ್ಕೆ ಬಂದರು. ಶಿದ್ದಪ್ಪ ಸಪ್ತಾಪುರದಲ್ಲಿದ್ದ ಸೋದರತ್ತೆ ಗೌರಕ್ಕನ ಮನೆಯಲ್ಲಿ ಇಳಿದ, ಖಾಜಾಸಾಬ ತನ್ನ ಬಳಗದವರಲ್ಲಿ. ಬೆಳಿಗ್ಗೆ ಕಾಲೇಜಿನ ಅಂಗಳದ ಬೇವಿನ ಗಿಡದ ಕೆಳಗೆ ಕೂಡಬೇಕೆಂದು ಮಾತಾಗಿತ್ತು. ಶಿದ್ದಪ್ಪ ಬರುವ ಹೊತ್ತಿಗೆ ಗಂಟೆಗೆ ಇನ್ನೂ ಅರ್ಧ ತಾಸು ಇತ್ತು. ಊರೂರಿನ ಮಾಸ್ತರರು ರುಮಾಲು ಸುತ್ತಿಕೊಂಡು ತಮ್ಮ ಹುಡುಗರಂತೆಯೇ ತುಟಿ ಅಲ್ಲಾಡಿಸುತ್ತ ಓಡಾಡುತ್ತಿದ್ದರು. ಖಾಜಾಸಾಬ ಅವನನ್ನು ಕಂಡವನೇ ಓಡಿ ಬಂದ. ಮುಖ ಬಿಳಿಚಿಕೊಂಡಿತ್ತು.

"ಮಾಸ್ತರ್ರ, ಘಾತ ಆಗೇದ್ರಿ. ನಕಾಶಿ ಐತಂತ. ಜಿಲ್ಲಾದ್ದು, ನೋಡಲಾರದ ತಗೀಬೇಕಂತ, ಇಪ್ಪತ್ತ ಮಾರ್ಕು. ಅಲ್ಲಿ ನವಲಗುಂದ ಕಡೆಯವರು ಯಜ್ಞೇಶ್ವರ ಮಾಸ್ತರಂತ ಅದಾರ, ಅವರ ಪಟ್ಟಿ ನೋಡಿದೆ. ನಮ್ಮದರಾಗ ಬಿಟ್ಟಹೋಗೇದ್ರಿ."

ನಮ್ಮದರಲ್ಲಿ ಎಂದ. ಹೌದೇ, ಹಾಗೇಕಾಯಿತು ಎಂಬಂಥ ಏನೋ ಒಂದು ಶಬ್ದ ಶಿದ್ದಪ್ಪನ ಬಾಯಿಂದ ಹೊರಬಿತ್ತು.

"ಅವಸರದಾಗ ಇಳಿಸಿಕೊಳ್ಳೋ ಮುಂದ ಒಂದ ಸಾಲ ಜಾರಿರತದ, ಅದಕ್ಕೇನ ಮಾಡಾಕ ಬರತದ್ರಿ. ನೀವೇನ ಮನಸಿಗೆ ಹಚಗೋಬ್ಯಾಡ್ರಿ. ಬರ್ರಿ, ಕೂಡ್ರಿ. ಅರ್ಧ ತಾಸಿನಾಗ ನನಗ ಬರೋವಷ್ಟ ನಿಮಗೂ ಹೇಳತೇನಿ."

ಖಾಜಾಸಾಬ ಬೇವಿನ ಬುಡದಲ್ಲಿ ಕೂತು ಅಂಗೈಯಿಂದ ಮಣ್ಣನ್ನು ಸಮ ಮಾಡಿದ. ಕಡ್ಡಿಯಿಂದ ಗಡಿ ಎಳೆದ. ಗಂಟಿನಿಂದ ಶೇಂಗಾ ತೆಗೆದು ಒಂದೊಂದನ್ನೇ ಊರಾಗಿ ಇಡತೊಡಗಿದ. ಇದು ಧಾರವಾಡ, ಇದು ಹುಬ್ಬಳ್ಳಿ, ಇದು ನಮ್ಮ ಸುಳ್ಳ. ಬಡಗಣ ದಿಕ್ಕು ಅವನಿಗೆ ಅಂಗೈಯಷ್ಟು ಪಾಠವಾಗಿತ್ತು. ಹುಡುಗನಾಗಿದ್ದಾಗ ಅಪ್ಪನ ಹಿಂದೆ ಬಿಲ್ಲು ಹೊತ್ತು ಊರೂರು ತಿರುಗಿದವ. ನವಲಗುಂದ ಎಷ್ಟು ದೂರ, ಅಣ್ಣಿಗೇರಿಯಿಂದ ಗದಗಿಗೆ ಯಾವ ಹಳ್ಳ ದಾಟಬೇಕು ಎನ್ನುವುದು ಅವನಿಗೆ ಕಾಲಿನಿಂದ ಗೊತ್ತು. ನಕಾಶೆಯನ್ನೇ ಕಲಿಯದವ ಹೀಗೆ ಸರಸರ ಇಡುವುದನ್ನು ನೋಡಿ ಶಿದ್ದಪ್ಪನ ಹೊಟ್ಟೆಕಿಚ್ಚು ಅಂಥ ಹೊತ್ತಿನಲ್ಲೂ ತಲೆಯೆತ್ತಿತು. ತಾನು ಒಂದು ತಿಂಗಳು ನೆಲ ಒರೆಸಿ ಗಳಿಸಿದ್ದು ಇವನಿಗೆ ಹುಟ್ಟುತ್ತಲೇ ಬಂದಿತ್ತಲ್ಲ!

ತೆಂಕಣಕ್ಕೆ ಬಂದಾಗ ಖಾಜಾಸಾಬನ ಕೈ ನಿಧಾನವಾಯಿತು. ಆ ಕಡೆ ಅವನ ಅಪ್ಪ ಹೋದವನಲ್ಲ. ಹಾವೇರಿಗೆ ಒಂದು ಶೇಂಗಾ ಇಟ್ಟ, ರಾಣೆಬೆನ್ನೂರಿಗೆ ಒಂದು. ಇನ್ನೊಂದನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, ಹಾವೇರಿಯ ಮೂಡಣಕ್ಕೆ ಇಟ್ಟು, "ಇದು ಹಾನಗಲ್ಲ" ಎಂದ.

ಐದು ವರ್ಷ ಹುಡುಗರ ಪಾಟಿ ತಿದ್ದಿದ ಕೈ. ತಪ್ಪು ಕಣ್ಣಿಗೆ ಬಿದ್ದರೆ ಅದು ಯಜಮಾನನ ಅಪ್ಪಣೆ ಕೇಳುತ್ತದೆಯೇ? ಶಿದ್ದಪ್ಪನ ಬೆರಳು ಮುಂದೆ ಹೋಯಿತು, ಆ ಶೇಂಗಾವನ್ನು ಎತ್ತಿತು, ಹಾವೇರಿಯ ಪಡುವಣಕ್ಕೆ ತಂದು ಇಟ್ಟಿತು. ಅಷ್ಟಕ್ಕೇ ನಿಲ್ಲಲಿಲ್ಲ. ಅದರ ಬದಿಯಿಂದ ವರದಾ ಹೊಳೆಯನ್ನು ಎಳೆದು, ಎಲ್ಲಿ ಬಾಗಬೇಕೋ ಅಲ್ಲಿ ಬಾಗಿಸಿ, ತುಂಗಭದ್ರೆಗೆ ಕೂಡಿಸಿತು. ಆಮೇಲೆ ನಿಂತಿತು.

ಶಿದ್ದಪ್ಪ ತಲೆ ಎತ್ತಲಿಲ್ಲ. ಮಣ್ಣು ಹತ್ತಿದ ತನ್ನ ಬೆರಳನ್ನೇ ನೋಡುತ್ತಿದ್ದ. ಖಾಜಾಸಾಬ ಹೊಳೆಯನ್ನು ನೋಡಿದ, ಬೆರಳನ್ನು ನೋಡಿದ.

"ನಿಮ್ಮ ಪಟ್ಟಿಯೊಳಗ ಹನ್ನೊಂದ ಸಾಲ ಇದ್ದೂವೇನ್ರಿ?" ಎಂದು ಕೇಳಿದ. ದನಿ ಎಂದಿನಂತೆ ಮೆತ್ತಗೇ ಇತ್ತು.

ಬೈದಿದ್ದರೆ ಬೈಗಳಿಗೆ ಬೈಗಳು ಕೊಡಬಹುದಿತ್ತು. ಇಲ್ಲ ಎನ್ನಲು ಶಿದ್ದಪ್ಪ ಬಾಯಿ ತೆರೆದ, ಆದರೆ ಎದುರಿಗೇ ವರದಾ ಹರಿಯುತ್ತಿತ್ತು. ಒಳಗೆ ಗಂಟೆ ಬಾರಿಸಿದರು. ಮಾಸ್ತರರೆಲ್ಲ ದೌತಿ ಟಾಕು ಹಿಡಿದು ಬಾಗಿಲಿಗೆ ನುಗ್ಗಿದರು. ಖಾಜಾಸಾಬ ಮಾತ್ರ ಇನ್ನೊಂದು ಗಳಿಗೆ ಕೂತು, ಹಾನಗಲ್ಲು ಎಲ್ಲಿದೆ, ಹೊಳೆ ಎಲ್ಲಿ ಬಾಗಿದೆ ಎಂದು ಕಣ್ಣು ಕಿರಿದು ಮಾಡಿ ನೋಡಿಕೊಂಡ. ಎದ್ದು ಧೋತರ ಝಾಡಿಸಿದ.

"ನಡೀರಿ, ಗಂಟಿ ಆತು" ಎಂದ. ನಕಾಶೆಯ ಮೇಲೆ ಕಾಲಿಡದಂತೆ ಬಳಸಿ ಹೋದ.

ಭೂಗೋಳದ ಪ್ರಶ್ನೆ ಬಂತು. ನಕಾಶೆಗೆ ಇಪ್ಪತ್ತು ಮಾರ್ಕು, ಅಚ್ಚಿನ ಹಾಳೆಯಲ್ಲಿ ಇದ್ದಂತೆಯೇ. ಶಿದ್ದಪ್ಪ ಅದನ್ನು ಹತ್ತು ನಿಮಿಷದಲ್ಲಿ ತೆಗೆದ, ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ಹೆಸರು ಬರೆದ. ಎರಡು ಸಾಲು ಮುಂದೆ ಖಾಜಾಸಾಬನ ಬೆನ್ನು ಕಾಣುತ್ತಿತ್ತು. ಅದು ಕಾಗದದ ಮೇಲೆ ಬಾಗಿತ್ತು, ಒಮ್ಮೆಯೂ ಹಿಂದೆ ತಿರುಗಲಿಲ್ಲ. ಗಣಿತದಲ್ಲಿ ಕಾಲ-ಕೆಲಸದ ಲೆಕ್ಕವೂ ಬಂತು, ಅದೂ ಶಿದ್ದಪ್ಪನಿಗೆ ಸರಿಯಾಗಿ ಬಿಡಿಸಲು ಬಂತು. ಬಿಡಿಸುವಾಗ ಕಿವಿಯಲ್ಲಿ ಖಾಜಾಸಾಬನ ದನಿಯೇ ಕೇಳುತ್ತಿತ್ತು; ಎಷ್ಟು ಬೇಡವೆಂದರೂ ಆ ದನಿಯಿಲ್ಲದೆ ಲೆಕ್ಕ ಮುಂದೆ ಸಾಗಲಿಲ್ಲ.

ಅವನು ಬೇಕೆಂದೇ ಎಲ್ಲರಿಗಿಂತ ಹಿಂದೆ ಹೊರಗೆ ಬಂದ. ಅಂಗಳ ಖಾಲಿಯಾಗಿತ್ತು. ಸ್ಟೇಶನ್ನಿನ ದಾರಿಯಲ್ಲಿ ಖಾಜಾಸಾಬನ ಬಿಳಿ ಟೊಪ್ಪಿಗೆ ಆಗಲೇ ಬಹಳ ದೂರ ಹೋಗಿತ್ತು. ಅವನ ನಡಿಗೆ ನಿಧಾನವಾಗಿತ್ತು, ಯಾರನ್ನೋ ಬಿಟ್ಟು ಓಡಿಹೋಗುವವನ ನಡಿಗೆ ಅದಲ್ಲ. ಅದನ್ನು ನೋಡಿಯೂ ಶಿದ್ದಪ್ಪನಿಗೆ ಹೊಟ್ಟೆ ಉರಿಯಿತು. ಅಷ್ಟು ಹಗುರಾಗಿ ನಡೆಯಲು ತನಗೆ ಇನ್ನು ಬರುವುದಿಲ್ಲ ಎಂದು ಗೊತ್ತಿತ್ತು.

ಬೇವಿನ ಬೇರಿನ ಮೇಲೆ ಅರಿವೆಯ ತುಂಡೊಂದು ಹಾಸಿತ್ತು. ಅದರಲ್ಲಿ ಒಂದು ಹಿಡಿ ಶೇಂಗಾ, ಪಕ್ಕಕ್ಕೆ ಬೆಲ್ಲ. ಶಿದ್ದಪ್ಪ ಬೆಲ್ಲವನ್ನು ಎತ್ತಿಕೊಂಡು ನೋಡಿದ. ಅಚ್ಚನ್ನು ಕಲ್ಲಿನಿಂದ ಒಡೆದಿರಲಿಲ್ಲ. ಖಾಜಾಸಾಬ ಅದನ್ನು ಚಾಕುವಿನಿಂದ ನಟ್ಟನಡುವೆ ಕೊಯ್ದು, ದೊಡ್ಡದೂ ಅಲ್ಲ ಚಿಕ್ಕದೂ ಅಲ್ಲ, ಸರಿಯಾಗಿ ಅರ್ಧವನ್ನು ಇಟ್ಟು ಹೋಗಿದ್ದ.

ಶಿದ್ದಪ್ಪ ಅದನ್ನು ಅಂಗೈಯಲ್ಲಿ ಹಿಡಿದು ಬೇರಿನ ಮೇಲೆ ಕೂತ. ಎದುರಿಗೆ ಮಣ್ಣಿನಲ್ಲಿ ಅಷ್ಟು ಮಂದಿ ತುಳಿದಾಡಿ ಧಾರವಾಡ, ಹುಬ್ಬಳ್ಳಿ, ಸುಳ್ಳ ಎಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಹಾನಗಲ್ಲು ಮಾತ್ರ ಅವನು ಇಟ್ಟಲ್ಲಿಯೇ ಇತ್ತು.